ಡ್ರಾಯಿಂಗ್ ಟೀಚರ ಕಣ್ಣುರೆಪ್ಪೆ

ಜೂನ್ 12

ಮೇಣದಯ್ಯನವರಿಗೆ,

ಬದುಕಿದ್ದೀಯೋ, ಇಲ್ಲ ನಿನ್ನನ್ನೂ ಮೇಣದಲ್ಲಿ ಅದ್ದಿ ಅಚ್ಚು ಹೊಯ್ದಿದ್ದಾರೋ? ಹೋದ ತಿಂಗಳ ಪತ್ರಕ್ಕೆ ಉತ್ತರವೇ ಇಲ್ಲ. ಅಕ್ಕ ಅಂತ ಒಬ್ಬಳಿದ್ದಾಳೆ, ಅವಳಿಗೂ ಕೋಪ ಬರುತ್ತದೆ ಅನ್ನುವುದು ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಕೂತು ಮರೆತುಹೋಗಿರಬೇಕು.

ಈ ಸಲ ಕೆಲಸವಿದ್ದೇ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿನ ‘ಪ್ರಾಣಿ ಅಂಗಾಂಶಗಳು’ ಪಾಠ ನನ್ನ ತಲೆಗೆ ಕಟ್ಟಿದ್ದಾರೆ. ಪುಸ್ತಕದಲ್ಲಿ ಹೊದಿಕೆಯದ್ದು, ಸ್ನಾಯುವಿನದ್ದು, ನರದ್ದು, ಜೋಡಿಸುವ ಅಂಗಾಂಶದ್ದು ಅಂತ ಒಂದೊಂದು ಚಿತ್ರ ಹಾಕಿ ಕೈ ತೊಳೆದುಕೊಂಡಿದ್ದಾರೆ. ಮಕ್ಕಳು ಉರು ಹೊಡೆದು ಒಪ್ಪಿಸುತ್ತಾರೆ, ಬೆಲ್ ಹೊಡೆದರೆ ಅಲ್ಲೇ ಬಿಟ್ಟು ಓಡುತ್ತಾರೆ. ನೀನು ದಿನಾ ಮನುಷ್ಯರ ಮೈಯಿಂದ ತೆಗೆದ ಚೂರುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹಾಸಿ ಬಣ್ಣ ಹಾಕುವವನು. ಈ ಅಂಗಗಳೆಲ್ಲ ಸೇರಿ ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು ಅವರಿಗೆ ಅರ್ಥವಾಗುವ ಹಾಗೆ ಬರೆದು ಕಳಿಸು, ಕ್ಲಾಸಿನಲ್ಲಿ ಓದುತ್ತೇನೆ. ಫೋನ್ ಮಾಡಿ ಹೇಳುತ್ತೇನೆ ಅನ್ನಬೇಡ. ಫೋನಿನಲ್ಲಿ ನೀನು ‘ಹೂಂ’ ‘ಊಹೂಂ’ ಬಿಟ್ಟು ಬೇರೆ ಮಾತಾಡಿದ್ದು ನಾನಂತೂ ಕೇಳಿಲ್ಲ.

ಇನ್ನೊಂದು ವಿಷಯ. ನಮ್ಮ ಡ್ರಾಯಿಂಗ್ ಟೀಚರಿಗೆ ಒಂದು ವಿಚಿತ್ರ ತೊಂದರೆ. ಬೆಳಿಗ್ಗೆ ಚೆನ್ನಾಗಿರುತ್ತಾಳೆ, ಸಂಜೆಯ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಅಂಗಡಿಯ ಷಟರಿನ ಹಾಗೆ ಅರ್ಧಕ್ಕೆ ಇಳಿದುಬಿಡುತ್ತದೆ. ಬೋರ್ಡಿನ ಮೇಲಿನ ಗೆರೆ ಎರಡೆರಡಾಗಿ ಕಾಣುತ್ತದಂತೆ. "ನಿಮ್ಮ ತಮ್ಮ ದೊಡ್ಡ ಆಸ್ಪತ್ರೇಲಿ ಇದಾನಲ್ಲ, ಕೇಳ್ರೀ" ಅಂತ ತಲೆ ತಿನ್ನುತ್ತಿದ್ದಾಳೆ. ಸ್ನಾಯು ಕೆಟ್ಟಿರಬಹುದಾ? ಬಿಡುವಿದ್ದಾಗ ಬರೆ.

ನಿನ್ನ ಅಕ್ಕ


ಜೂನ್ 25

ಟೀಚರಮ್ಮನವರ ಸನ್ನಿಧಿಗೆ,

ಬದುಕಿದ್ದೇನೆ. ಅಚ್ಚು ಹೊಯ್ದಿಲ್ಲ. ಮೈಯೆಲ್ಲ ಫಾರ್ಮಲಿನ್ ವಾಸನೆ ಹೊಡೆಯುವುದರಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ, ಅದೊಂದು ಸುಖ.

ನಿನ್ನ ಮಕ್ಕಳಿಗೆ ಹೀಗೆ ಹೇಳು. ಒಂದು ತುಂಡು ಬ್ರೆಡ್ ಬಾಯಿಗೆ ಹಾಕಿಕೊಳ್ಳಿ. ದವಡೆಯ ಸ್ನಾಯು ಅಗಿಯುತ್ತದೆ, ಆದರೆ ತಾನಾಗಿಯೇ ಅಲ್ಲ, ನರ ಬಂದು "ಎಳಿ" ಅನ್ನಬೇಕು. ಜೊಲ್ಲಿನ ಗ್ರಂಥಿ ಒದ್ದೆ ಮಾಡುತ್ತದೆ. ನಾಲಿಗೆ ಹಿಂದಕ್ಕೆ ತಳ್ಳುತ್ತದೆ. ಆಗ ಒಂದು ಕ್ಷಣ ಉಸಿರು ನಿಲ್ಲುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಗಾಳಿಕೊಳವೆಯ ಬಾಯಿ ಮುಚ್ಚಿಕೊಳ್ಳುತ್ತದೆ, ತುತ್ತು ಪಕ್ಕದ ದಾರಿಯಲ್ಲಿ ಇಳಿಯುತ್ತದೆ. ಆಮೇಲೆ ಹೊಟ್ಟೆ ಅರೆಯುತ್ತದೆ, ಕರುಳು ಹೀರುತ್ತದೆ, ರಕ್ತ ಹೊರುತ್ತದೆ, ಅದನ್ನು ಉರಿಸಲು ಶ್ವಾಸಕೋಶ ಗಾಳಿ ತರುತ್ತದೆ, ಹೃದಯ ಎಲ್ಲವನ್ನೂ ದೂಡುತ್ತದೆ, ಉಳಿದ ಕೊಳೆಯನ್ನು ಮೂತ್ರಪಿಂಡ ಸೋಸುತ್ತದೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡುವುದಿಲ್ಲ. ಆದರೆ ಒಬ್ಬರು ಕೈಕೊಟ್ಟರೆ ಉಳಿದವರಿಗೆಲ್ಲ ಬಿಸಿ ಮುಟ್ಟುತ್ತದೆ. ನನ್ನ ಮೇಜಿಗೆ ಇವೆಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತವೆ ಅನ್ನುವುದೇ ಬೇಜಾರು.

ಡ್ರಾಯಿಂಗ್ ಟೀಚರಿಗೆ ಹೇಳು, ಸ್ನಾಯು ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಟ್ಟೇ ಇರುತ್ತದೆ, ಸಂಜೆಗೆ ಮಾತ್ರ ಮುಷ್ಕರ ಹೂಡುವುದಿಲ್ಲ. ಅಂಥವರ ಸ್ನಾಯುವಿನ ಚೂರು ನಮ್ಮಲ್ಲಿಗೆ ಬಂದರೆ ಸ್ಲೈಡಿನಲ್ಲಿ ಒಂದು ಕಲೆಯೂ ಇರುವುದಿಲ್ಲ, ಪಟ್ಟೆ ಪಟ್ಟೆಯಾಗಿ ಚೆಂದವಾಗಿ ಕಾಣುತ್ತದೆ. ಮೊಬೈಲ್ ನೋಡುವುದು ಬಿಟ್ಟು ಸರಿಯಾಗಿ ನಿದ್ದೆ ಮಾಡಲಿ. ಇದಕ್ಕೆ ಫೀಸು ಏನೂ ಬೇಡ, ಒಂದು ಚಿತ್ರ ಬರೆದುಕೊಟ್ಟರೆ ಸಾಕು.

ಇಲ್ಲಿ ಎಲ್ಲ ಮಾಮೂಲು. ಡಬ್ಬಿ ಬರುತ್ತದೆ, ನಂಬರ್ ಬರುತ್ತದೆ, ಹೆಸರು ಕಿಟಕಿಯ ಕ್ಲರ್ಕಿನ ಹತ್ತಿರವೇ ಉಳಿಯುತ್ತದೆ. ಅಮ್ಮನದಾದ ಮೇಲೆ ನಮ್ಮ ಲ್ಯಾಬಿನ ಡಾಕ್ಟರಮ್ಮ ಮಾಡಿದ ರೂಲು ಇನ್ನೂ ನಡೆಯುತ್ತಿದೆ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಆಗಸ್ಟ್ 4

ಪ್ರೀತಿಯ ತಮ್ಮನಿಗೆ,

ನಿನ್ನ ಬ್ರೆಡ್ ತುಂಡು ಕ್ಲಾಸಿನಲ್ಲಿ ಹಿಟ್ ಆಯಿತು. ಉಸಿರು ನಿಲ್ಲುತ್ತದಾ ಅಂತ ನೋಡಲು ಎಲ್ಲರೂ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ನುಂಗಿದರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಏನ್ ಮೇಡಂ, ಎಲ್ರಿಗೂ ನೆಗಡೀನಾ?" ಅಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಉತ್ತರ ಪತ್ರಿಕೆ ತಿದ್ದಿ ತಿದ್ದಿ ಕೈ ಸೋತಿದೆ. ನೀನು ಹೇಳಿದ ಹಾಗೆಯೇ ಡ್ರಾಯಿಂಗ್ ಟೀಚರ್ ನಿದ್ದೆ ಮಾಡುತ್ತಿದ್ದಾಳೆ. ಆದರೂ ಕೇಳುತ್ತಾಳೆ: ಊಟದ ಮೊದಲ ತುತ್ತುಗಳನ್ನು ಚೆನ್ನಾಗಿ ಅಗಿಯುತ್ತಾಳಂತೆ, ಅರ್ಧ ಊಟ ಆಗುವಷ್ಟರಲ್ಲಿ ದವಡೆ ತನ್ನದಲ್ಲವೇನೋ ಅನ್ನಿಸಿ, ಕೈಯಿಂದ ಗಲ್ಲ ಹಿಡಿದುಕೊಳ್ಳಬೇಕಾಗುತ್ತದಂತೆ. ಕೊನೆಯ ಪಿರಿಯಡಿನಲ್ಲಿ ಮಾತು ಮೂಗಿನಿಂದ ಬರುತ್ತದಂತೆ. ಮಕ್ಕಳು ಅಣಕಿಸುತ್ತಾರೆ. ಇದೂ ನಿದ್ದೆಯದ್ದೇ ಏನು?

ಸುಮ್ಮನೆ ಕೇಳಿದೆ. ನೀನು ತಲೆ ಕೆಡಿಸಿಕೊಳ್ಳಬೇಡ, ಅವಳು ಮೊದಲಿಂದಲೂ ಸ್ವಲ್ಪ ಅತಿ ಮಾಡುವವಳು.

ಅಕ್ಕ


ಆಗಸ್ಟ್ 21

ತಮ್ಮಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. "ಅವನಿಗೆ ಹೇಳೋಕಾಗಲ್ಲ ಅಂದ್ರೆ ಬರೆದಾದ್ರೂ ಹಗುರ ಮಾಡ್ಕೋ" ಅಂತ ನಿನ್ನ ಭಾವ ಹೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಡ್ರಾಯಿಂಗ್ ಟೀಚರ್ ಕಲ್ಲುಗುಂಡಿನ ಹಾಗಿದ್ದಾಳೆ. ರೆಪ್ಪೆ ನನ್ನದು, ದವಡೆ ನನ್ನದು. ಫೋನ್ ಬೇಡ ಅಂದದ್ದು ನನ್ನ ದನಿ ಕೇಳಿದರೆ ನಿನಗೆ ಗೊತ್ತಾಗಿಬಿಡುತ್ತದೆ ಅಂತ. ನಿನ್ನ ಮಾತು ಕೇಳಿ ಎಷ್ಟು ನಿದ್ದೆ ಮಾಡಿದೆ ಗೊತ್ತಾ? ಮಧ್ಯಾಹ್ನವೂ ಮಲಗಿದೆ. ಕೊನೆಗೆ ಒಂದು ದಿನ ನೀರು ಮೂಗಿನಿಂದ ಹೊರಗೆ ಬಂತು, ಭಾವ ಹೆದರಿ ಇಲ್ಲಿನ ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಸ್ನಾಯುವೂ ಸರಿ ಇದೆಯಂತೆ, ನರವೂ ಸರಿ ಇದೆಯಂತೆ. ನರ ಹೇಳಿದ್ದು ಸ್ನಾಯುವಿಗೆ ತಲುಪುವ ಜಾಗ ಕೆಟ್ಟಿದೆ. ನನ್ನ ರಕ್ತವೇ ಆ ಜಾಗವನ್ನು ಯಾರೋ ಹೊರಗಿನವರು ಅಂದುಕೊಂಡು ಹಾಳು ಮಾಡುತ್ತಿದೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ. ಮಕ್ಕಳಲ್ಲಿ ದೊಡ್ಡದಾಗಿದ್ದು ವಯಸ್ಸಾದ ಹಾಗೆ ಮುದುಡಿಕೊಳ್ಳಬೇಕಾದದ್ದು ನನ್ನಲ್ಲಿ ಗಡ್ಡೆಯಾಗಿ ಬೆಳೆದಿದೆ, ರಕ್ತಕ್ಕೆ ಆ ತಪ್ಪು ಪಾಠ ಹೇಳಿಕೊಡುತ್ತಿರುವುದು ಅದೇ. ಅದನ್ನು ತೆಗೆಯುತ್ತಾರೆ. ಗಡ್ಡೆ ತನ್ನ ಹೊದಿಕೆಯೊಳಗೇ ಇದ್ದರೆ ಅಲ್ಲಿಗೆ ಮುಗಿಯಿತು. ಹೊದಿಕೆ ದಾಟಿ ಆಚೆ ಹೋಗಿದ್ದರೆ ಕಷ್ಟ. ಯಾವುದು ಅನ್ನುವುದು ಲ್ಯಾಬಿನಲ್ಲಿ ಕತ್ತರಿಸಿ ನೋಡಿದ ಮೇಲೆಯೇ ಗೊತ್ತಾಗುವುದು.

ಅಲ್ಲೇ ನನಗೆ ನೀನು ನೆನಪಾದದ್ದು. ಅಮ್ಮನ ಹೊಟ್ಟೆಯ ಚೂರು ಅವಳ ಹೆಸರಿನ ಚೀಟಿಯೊಂದಿಗೇ ನಿನ್ನ ಮೇಜಿಗೆ ಬಂತು. ನೀನೇ ಕತ್ತರಿಸಿದೆ, ನೀನೇ ಬಣ್ಣ ಹಾಕಿದೆ, ಡಾಕ್ಟರಿಗಿಂತ ಮೊದಲು ನೀನೇ ನೋಡಿದೆ. ಆಮೇಲೆ ಒಂದು ತಿಂಗಳು ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ನೀನು ತಟ್ಟೆಯ ಮುಂದೆ ಕೂತು ಎದ್ದುಹೋಗುತ್ತಿದ್ದೆ. ಇನ್ನೊಂದು ಸಲ ನಿನಗೆ ಅದು ಬೇಡ. ಎಲ್ಲ ಮುಗಿದು, ಒಳ್ಳೆಯ ರಿಪೋರ್ಟು ಬಂದ ಮೇಲೆ ಹೇಳುತ್ತೇನೆ. ಆಗ ನೀನು ಬೇಕಾದಷ್ಟು ಬೈಯಬಹುದು.

ಚೂರು ಯಾವ ಲ್ಯಾಬಿಗೆ ಹೋಗುತ್ತದೆ ಅಂತ ಕೇಳಿದೆ. "ನಾಲ್ಕೈದು ಕಡೆ ಕಳಿಸ್ತೀವಮ್ಮ, ಆಫೀಸಿನವ್ರು ಯಾವುದಕ್ಕೆ ಕಳಿಸ್ತಾರೋ" ಅಂದರು. ಅಷ್ಟೊಂದು ಕಡೆ ಇರುವಾಗ ನಿನ್ನಲ್ಲಿಗೇ ಯಾಕೆ ಬರುತ್ತದೆ ಹೇಳು.

ನನಗೆ ಹೆದರಿಕೆಯಾಗುತ್ತಿದೆ. ಭಾವ ಎಷ್ಟು ಒಳ್ಳೆಯವರಾದರೂ ಅವರ ಮುಂದೆ ಹೆದರಿಕೊಳ್ಳಲು ಆಗುವುದಿಲ್ಲ, ಅವರು ನನಗಿಂತ ಹೆದರಿದ್ದಾರೆ.


ಸೆಪ್ಟೆಂಬರ್ 3

ಪ್ರೀತಿಯ ತಮ್ಮನಿಗೆ,

ಮಕ್ಕಳನ್ನು ಕರೆದುಕೊಂಡು ಶಾಲೆಯ ಪ್ರವಾಸ ಹೋಗುತ್ತಿದ್ದೇವೆ. ಬಂದ ಮೇಲೆ ಪರೀಕ್ಷೆ. ಹಾಗಾಗಿ ಸ್ವಲ್ಪ ದಿನ ಪತ್ರ ಬರದಿದ್ದರೆ ಮುಖ ಊದಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಸೆಪ್ಟೆಂಬರ್ 27

ಅಕ್ಕಾ,

ಪ್ರವಾಸ ಹೋದವಳು ಅಲ್ಲೇ ಮನೆ ಮಾಡಿಕೊಂಡು ಬಿಟ್ಟೆಯಾ? ಭಾವನಿಗೆ ಫೋನ್ ಮಾಡಿದರೆ, "ಅವಳು ಮಲಗಿದಾಳೆ", "ಅವಳು ಸ್ನಾನಕ್ಕೆ ಹೋಗಿದಾಳೆ". ನೀನು ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀಯ? ಇಬ್ಬರೂ ಜಗಳವಾಡಿದ್ದೀರೇನೋ ಅನ್ನಿಸುತ್ತಿದೆ. ಜಗಳವಾಗಿದ್ದರೆ ನಾನು ಭಾವನ ಕಡೆ, ಮೊದಲೇ ಹೇಳಿದ್ದೇನೆ.

ಈಗ ಮುಖ್ಯ ವಿಷಯ. ನಿನ್ನ ಡ್ರಾಯಿಂಗ್ ಟೀಚರಿಗೆ ಈ ಪತ್ರವನ್ನು ತಕ್ಷಣ ತೋರಿಸು. ನಾನು ಅವಳಿಗೆ ಹೇಳಿದ್ದು ತಪ್ಪು. ನಿನ್ನ ಎರಡನೆಯ ಪತ್ರಕ್ಕೆ ಉತ್ತರ ಬರೆಯದೆ ಸೋಮಾರಿತನ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹೋದ ವಾರ ಇಲ್ಲಿಗೆ ಒಂದು ಡಬ್ಬಿ ಬಂತು. ಡಾಕ್ಟರಮ್ಮ ತುಂಡು ಹೊರಗೆ ತೆಗೆದು, "ರೆಪ್ಪೆ ಜಾರೋದು, ಅಗಿಯೋಕಾಗದೆ ಇರೋದು, ಆ ಕಾಯಿಲೆಯವರದ್ದು" ಅಂದರು. ನನಗೆ ತಕ್ಷಣ ನಿಮ್ಮ ಟೀಚರ್ ನೆನಪಾದಳು. ಕೇಳಿದೆ. ಸ್ನಾಯುವಿನ ಸ್ಲೈಡು ಚೆನ್ನಾಗಿಯೇ ಇರುತ್ತದಂತೆ, ಕಾಯಿಲೆ ಇರುವುದು ಅಲ್ಲಲ್ಲ, ನರ ಮತ್ತು ಸ್ನಾಯುವಿನ ನಡುವೆ. ಇಷ್ಟು ವರ್ಷ ಗಾಜು ಒರೆಸಿದರೂ ನನಗೆ ಗೊತ್ತಿರಲಿಲ್ಲ ನೋಡು.

ಅದು ಎದೆಯ ಥೈಮಸ್ ಗ್ರಂಥಿಯ ಗಡ್ಡೆ. ಎರಡು ಬದಿಯಲ್ಲಿ ಗುರುತಿಗೆ ಒಂದೊಂದು ದಾರ ಕಟ್ಟಿದ್ದರು, ಒಂದು ಉದ್ದ, ಒಂದು ಗಿಡ್ಡ. ನಾನೇ ಮೇಣದ ಬ್ಲಾಕ್ ಮಾಡಿ ಕತ್ತರಿಸಿದೆ. ಪಟ್ಟಿ ಎಷ್ಟು ಚೆನ್ನಾಗಿ ಬಂತೆಂದರೆ, ಬಿಸಿನೀರಿನ ಮೇಲೆ ಒಂದು ಸುಕ್ಕಿಲ್ಲದೆ ತೇಲಿತು. ಡಾಕ್ಟರಮ್ಮ ಸ್ಲೈಡು ನೋಡಿದರು. ಉದ್ದ ದಾರದ ಕಡೆ ಗಡ್ಡೆ ಹೊದಿಕೆ ಒಡೆದು ಆಚೆ ಬಂದಿದೆ. "ಇನ್ನೊಂದೆರಡು ತಿಂಗಳು ಮುಂಚೆ ಬಂದಿದ್ರೆ ಒಳಗೇ ಇರ್ತಿತ್ತೋ ಏನೋ, ಪಾಪ" ಅಂದರು. ಬ್ಲಾಕಿನ ಇನ್ನೂ ಆಳದಿಂದ ಕತ್ತರಿಸಿ ಕೊಡಲು ಹೇಳಿದ್ದಾರೆ, ಅದಾದ ಮೇಲೆ ರಿಪೋರ್ಟು. ಯಾರೋ ನಮ್ಮ ಮನೆಯವರಂಥವರೇ ಇರಬೇಕು, ಬಿಸಿಲು ಮಳೆ ಅನ್ನದೆ ಕೆಲಸ ಮಾಡಿಕೊಂಡು ಇದ್ದುಬಿಟ್ಟಿರುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ. ಆ ಟೀಚರನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಎದೆಯ ಸ್ಕ್ಯಾನ್ ಮಾಡಿಸಲಿ. ಬೇಕಾದರೆ ಕೈ ಹಿಡಿದು ಎಳೆದುಕೊಂಡು ಹೋಗು. ನನ್ನ ಮಾತು ಕೇಳಿ ಅವಳು ನಿದ್ದೆ ಮಾಡಿಕೊಂಡು ಕೂತಿದ್ದರೆ ಅನ್ನುವುದೇ ನನಗೆ ಯೋಚನೆ.

ತಮ್ಮ


ಅಕ್ಟೋಬರ್ 10

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂತು. ಉತ್ತರ ತಡವಾಯಿತು. ಕೆಲಸ ಜಾಸ್ತಿ.

ಡ್ರಾಯಿಂಗ್ ಟೀಚರಿಗೆ ತೋರಿಸಿದೆ. ನಿನ್ನ ಮೇಲೆ ಅವಳಿಗೆ ಸ್ವಲ್ಪವೂ ಕೋಪವಿಲ್ಲ, ಇದನ್ನು ಬರೆಯಲೇಬೇಕು ಅಂದಳು. ನೀನು ಡಾಕ್ಟರಲ್ಲ, ತಮಾಷೆಗೆ ಕೇಳಿದ್ದಕ್ಕೆ ತಮಾಷೆಗೆ ಹೇಳಿದೆ. ಆಸ್ಪತ್ರೆಗೆ ಹೋಗುವುದೋ ಬಿಡುವುದೋ ಅವಳ ಕೈಯಲ್ಲೇ ಇತ್ತು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಂತೆ.

ಅವಳು ಕೆಲವು ವಿಷಯ ಕೇಳಿದಳು. ಪಾಠಕ್ಕೂ ಬೇಕು. ಉದ್ದನೆಯ ಹಸಿರು ದಾರ ಎಡ ಶ್ವಾಸಕೋಶದ ಕಡೆಯದಲ್ಲವೇ? ಆ ಕಡೆ ಒಡೆದಿದ್ದರೆ ಶ್ವಾಸಕೋಶದ ಹೊದಿಕೆಗೆ ಹತ್ತಿರುತ್ತದಾ? ಹೃದಯದ ಚೀಲಕ್ಕೆ? ಆಳದಿಂದ ಕತ್ತರಿಸಿದ್ದು ಆಯಿತಾ? ಅಂಥವರು ಬದುಕುತ್ತಾರಾ? ಸುಳ್ಳು ಸಮಾಧಾನ ಬೇಡ, ಇದ್ದದ್ದು ಇದ್ದ ಹಾಗೆ ಬರಿ, ಮಕ್ಕಳಿಗೆ ಹೇಳಬೇಕು.

ಬೇಗ ಬರಿ.

ಅಕ್ಕ


ಅಕ್ಟೋಬರ್ 18

ಅಕ್ಕಾ,

ದಾರ ಹಸಿರು ಅಂತ ನಾನು ಬರೆದಿರಲಿಲ್ಲ. ಎಡ ಶ್ವಾಸಕೋಶ ಅಂತಲೂ ಬರೆದಿರಲಿಲ್ಲ.

ನಿನ್ನ ಪತ್ರವನ್ನು ಮೇಜಿನ ಹತ್ತಿರ ನಿಂತೇ ಓದಿದೆ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಇನ್ನೊಂದು ಸಲ ಓದಿದೆ. ಕಿಟಕಿಗೆ ಹೋಗಿ ಆ ನಂಬರಿನ ಹೆಸರು ಹೇಳಿ ಅಂದೆ. ಕ್ಲರ್ಕ್ "ಹೆಸರು ಹೇಳ್ಬಾರ್ದು ಅಂತ ನಿನಗೋಸ್ಕರಾನೇ ರೂಲ್ ಮಾಡಿದ್ದು ಮಾರಾಯ" ಅಂದರು. ಆಮೇಲೆ ನನ್ನ ಮುಖ ನೋಡಿ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ನಿನ್ನ ಹೆಸರಿನ ಪಕ್ಕ ಭಾವನ ಹೆಸರು, ನಿಮ್ಮ ಮನೆಯ ವಿಳಾಸ. ಈ ಲಕೋಟೆಯ ಮೇಲೆ ನಾನು ಬರೆಯುವ ಅದೇ ವಿಳಾಸ.

ಪಟ್ಟಿ ಚೆನ್ನಾಗಿ ಬಂತು ಅಂತ ನಿನಗೇ ಬರೆದೆನಲ್ಲ. ಪಾಪ ಯಾರೋ ಅಂದೆನಲ್ಲ. ನೀನು ಅದನ್ನು ಒಬ್ಬಳೇ ಓದಿದೆಯಾ, ಭಾವ ಹತ್ತಿರ ಇದ್ದರಾ? ಓದಿ ಆದಮೇಲೂ ನನಗೆ ಸಮಾಧಾನ ಹೇಳುತ್ತೀಯಲ್ಲ, ನಿನಗೆ ಏನು ಹೇಳಬೇಕು?

ನಾನು ಎಡವಟ್ಟು ಮಾಡಿ ಆಳದ ಕತ್ತರಿಕೆ ಮುಂದೂಡಿಕೊಂಡು ಬಂದಿದ್ದೆ, ಕೆಲಸ ತುಂಬ ಇತ್ತು. ಅವತ್ತೇ ಬ್ಲಾಕ್ ತೆಗೆದುಕೊಂಡು ಕತ್ತರಿಸುವ ಯಂತ್ರದ ಮುಂದೆ ಕೂತೆ. ಬ್ಲೇಡು ಹಾಕಿ ಮತ್ತೆ ತೆಗೆದೆ. ಬ್ಲಾಕಿನಲ್ಲಿ ಉಳಿದಿರುವುದು ಸ್ವಲ್ಪ, ಬ್ಲೇಡು ಒಂದು ಸಲ ಜಾರಿದರೆ ಮತ್ತೆ ನಿನ್ನ ಎದೆಯಿಂದ ತರಲಾಗುವುದಿಲ್ಲ. ಕತ್ತರಿಸಿಕೊಡು ಅಂತ ಪಕ್ಕದ ಮೇಜಿನವಳನ್ನು ಕೇಳಿದೆ. ಅವಳ ಸ್ಲೈಡಿನಲ್ಲಿ ಸುಕ್ಕು ಹುಡುಕಿ ಹುಡುಕಿ ರೇಗಿಸುವವನು ನಾನೇ. ಅವಳು "ಕೊಡಿ, ನೀವು ಹೊರಗೆ ಹೋಗಿ ಕೂತ್ಕೊಳ್ಳಿ" ಅಂದಳು. ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಇದ್ದದ್ದು ಇದ್ದ ಹಾಗೆ ಕೇಳು. ಗಡ್ಡೆ ಶ್ವಾಸಕೋಶದ ಹೊದಿಕೆಗೆ ತಾಗಿದೆ. ಆ ಅಂಚಿನಲ್ಲಿ ಸ್ವಲ್ಪ ನಿನ್ನ ಎದೆಯೊಳಗೇ ಉಳಿದಿರಬಹುದು. ಹೃದಯದ ಚೀಲಕ್ಕೆ ಹೋಗಿಲ್ಲ. ಜೊತೆಗೆ ಕಳಿಸಿದ್ದ ಸಣ್ಣ ದುಗ್ಧಗ್ರಂಥಿಗಳಿಗೂ ಹರಡಿಲ್ಲ. ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಇದು ಸುಲಭದ್ದಲ್ಲ, ಆದ್ರೆ ಕೈ ಬಿಡೋದೂ ಅಲ್ಲ. ಕಿರಣ ಚಿಕಿತ್ಸೆ ಬೇಗ ಶುರು ಮಾಡ್ಬೇಕು" ಅಂದರು. ಉಸಿರಿನ ಸ್ನಾಯು ಸೋಲದ ಹಾಗೆ ನೋಡಿಕೊಳ್ಳಬೇಕಂತೆ, ಅದೇ ದೊಡ್ಡ ಅಪಾಯವಂತೆ. ರಿಪೋರ್ಟು ನಿನ್ನ ಆಸ್ಪತ್ರೆಗೆ ಹೋಗಿದೆ.

ನನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಭಾವ ನಿನ್ನೆ ಫೋನಿನಲ್ಲಿ ಹೇಳಿದರು. ಅಮ್ಮನ ಸಲ ನಾನು ಹಾಗಾದೆ ಅಂತ. ಅಕ್ಕಾ, ನೀನು ತಪ್ಪು ತಿಳಿದೆ. ನನ್ನನ್ನು ತಿಂದದ್ದು ಆ ಸ್ಲೈಡಲ್ಲ. ಅದನ್ನು ನೋಡಿ ಮನೆಗೆ ಬಂದು, ನಿಮ್ಮೆಲ್ಲರ ನಡುವೆ ಕೂತು, ಅಮ್ಮ ಬಡಿಸಿದ್ದನ್ನು ಏನೂ ಆಗದವನ ಹಾಗೆ ತಿನ್ನಬೇಕಾಗಿತ್ತಲ್ಲ, ಅದು. ಯಾರಿಗಾದರೂ ಹೇಳಿಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ಬಾರದಿರಲಿ ಅಂತ ನೀನು ಆ ತಟ್ಟೆಯನ್ನು ನಿನ್ನ ಮುಂದೆ ಎಳೆದುಕೊಂಡೆ.

ಇನ್ನು ಮೇಲೆ ಬೇರೆ ಯಾರ ಹೆಸರಿನಲ್ಲೂ ಬರೆಯಬೇಡ. ನಿನಗೆ ಏನಾಗುತ್ತಿದೆ ಬರಿ. ರಜೆ ಕೇಳಿದ್ದೇನೆ. ನೀನು ಬೇಡ ಅಂದರೂ ಬರುತ್ತೇನೆ, ಆದರೆ ನೀನು ಕರೆದರೆ ಚೆನ್ನಾಗಿರುತ್ತದೆ.

ನಿನ್ನ ತಮ್ಮ


ಅಕ್ಟೋಬರ್ 26

ತಮ್ಮಾ,

ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ನನ್ನ ಮಾತು ಕೇಳುತ್ತದೆ. ಅಷ್ಟರಲ್ಲಿ ಬರೆದು ಮುಗಿಸಬೇಕು.

ಸೋಮವಾರದಿಂದ ಕಿರಣ ಶುರು. ಎದೆಯ ಗಾಯ ಕೆಮ್ಮಿದರೆ ನೋಯುತ್ತದೆ. ತಲೆ ಬಾಚಿಕೊಳ್ಳಲು ತೋಳು ಎತ್ತಲಾಗುವುದಿಲ್ಲ, ಭಾವ ಬಾಚುತ್ತಾರೆ, ಬೈತಲೆ ಸೊಟ್ಟಗೆ. ನೀನು ಹೇಳಿದ ಉಸಿರಿನ ವಿಷಯ ಡಾಕ್ಟರು ನನಗೂ ಹೇಳಿದ್ದಾರೆ. ಮಲಗಿದಾಗ ಎದೆ ಏಳುತ್ತಿದೆಯಾ ಅಂತ ಕೈಯಿಟ್ಟು ನೋಡಿಕೊಳ್ಳುತ್ತೇನೆ. ದಾರದ ಬಣ್ಣ, ಕಡೆ ಎಲ್ಲ ಆಪರೇಷನ್ ಮಾಡಿದವರು ಮೊದಲೇ ಹೇಳಿದ್ದರು. ನಿನ್ನ ಆ ಗಡ್ಡೆಯ ಪತ್ರವನ್ನು ಒಬ್ಬಳೇ ಓದಿದೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಓದಿದೆ.

ಎಲ್ಲಕ್ಕಿಂತ ಹೆದರಿಕೆಯಾಗುವುದು ಊಟಕ್ಕೆ. ಸೂಪು ಕೂಡ ಒಂದೊಂದು ಸಲ ಗಂಟಲಲ್ಲಿ ನಿಂತುಬಿಡುತ್ತದೆ, ಆಚೆಗೂ ಇಲ್ಲ, ಈಚೆಗೂ ಇಲ್ಲ. ಭಾವ ನೋಡಿದರೆ ಅಳುತ್ತಾರೆ, ಅದಕ್ಕೆ ಅವರು ಕೆಲಸಕ್ಕೆ ಹೋದ ಮೇಲೆ ತಿನ್ನುತ್ತೇನೆ. ಹಾಗೆ ಒಬ್ಬಳೇ ತಿನ್ನಬಾರದು ಅಂತ ಡಾಕ್ಟರು ಬೈದರು. ನಿನ್ನೆ ಏನೂ ತಿನ್ನಲಿಲ್ಲ.

ಬಾ. ಬಂದು ನನ್ನ ಎದುರಿಗೆ ಕೂತು ಊಟ ಮಾಡು. ನಾನು ನಿಧಾನ, ನಿನ್ನದು ಮುಗಿದರೂ ಏಳಬೇಡ.